ವಾತಾಪಿಯ ಕೆರೆಯ ದಂಡೆಯಲ್ಲಿ ಮೂರು ದಿನ



ರಜೆ ಬಂತೆಂದರೆ ನಿಮ್ಮ ಗುಂಪುಗಳು ಎಲ್ಲಿಗೆ ಹೊರಡುತ್ತವೆ ಎಂಬುದು ನಿಮ್ಮ ಅಮ್ಮಂದಿರಿಗೆಲ್ಲ ಬಾಯಿಪಾಠವಾಗಿದೆ. ಮುಂಬಯಿ, ಪುಣೆಯವರಿಗೆ ಲೋಣಾವಳ, ಮಹಾಬಳೇಶ್ವರ, ಇಲ್ಲವೇ ಗೋವಾ. ಚೆನ್ನೈಯವರಿಗೆ ಮಾಮಲ್ಲಪುರ, ಪುದುಚೇರಿ. ದಿಲ್ಲಿಯವರಿಗೆ ನೈನಿತಾಲ್. "ಊರಿಗೆ ಹೋಗೋಣವೇ?" ಎಂದು ಅಪ್ಪ ಕೇಳಿದರೆ ಮಾತ್ರ ನಿಮ್ಮ ಮುಖ ಸಣ್ಣದಾಗುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಊರೆಂದರೆ ನಿಮ್ಮ ಪಾಲಿಗೆ ಯಾರದೋ ಮದುವೆ, ಯಾರದೋ ಮುಂಜಿ, ಹೆಸರು ಗೊತ್ತಿಲ್ಲದ ಹಿರಿಯರ ಕಾಲಿಗೆ ಬೀಳುವುದು, "ಕನ್ನಡ ಓದೋಕೆ ಬರುತ್ತೇನಮ್ಮಾ?" ಎಂಬ ಪ್ರಶ್ನೆಗೆ ತಲೆ ತಗ್ಗಿಸುವುದು. ಅಲ್ಲಿ ನಿಮಗೆ ನೋಡಲು, ಓಡಾಡಲು ಏನಾದರೂ ಉಂಟು ಎಂದು ಯಾರೂ ಹೇಳಿರುವುದಿಲ್ಲ.

ಆದ್ದರಿಂದ ಈ ಸಲ ನೆಂಟರ ಮನೆಯ ಹಂಗಿಲ್ಲದ ಒಂದು ಊರಿನ ಬಗ್ಗೆ ಬರೆಯುತ್ತೇನೆ. ಅಲ್ಲಿ ಕೆರೆಯಿದೆ, ಕೋಟೆಯಿದೆ, ಗುಹೆಗಳಿವೆ, ಹತ್ತಲು ಬಂಡೆಗಳಿವೆ, ಹೊಟ್ಟೆ ತುಂಬ ಉಣ್ಣಲು ರೊಟ್ಟಿಯಿದೆ. ಜೊತೆಗೆ ಕನ್ನಡ ಓದಲು ಬಾರದವರೂ ನಾಚಬೇಕಾಗಿಲ್ಲದ ಒಂದು ಕನ್ನಡದ ಬಂಡೆಯೂ ಇದೆ. ಅದೇ ಬಾಗಲಕೋಟೆ ಜಿಲ್ಲೆಯ ಬಾದಾಮಿ.

ಹೆಸರಿನ ಕಥೆ

ಮೊದಲು ಊರಿನ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ಎದುರುಬದುರಾಗಿ ಎರಡು ಕೆಂಪು ಮರಳುಗಲ್ಲಿನ ಬೆಟ್ಟಗಳು. ಅವುಗಳ ನಡುವೆ ಹಸಿರು ನೀರಿನ ಕೆರೆ. ಕೆರೆಯ ಪಶ್ಚಿಮಕ್ಕೆ ಊರು, ಪೂರ್ವದ ತುದಿಗೆ ನೀರಿನಂಚಿನಲ್ಲೇ ದೇವಸ್ಥಾನ. ದಕ್ಷಿಣದ ಬೆಟ್ಟದಲ್ಲಿ ಗುಹೆಗಳು, ಉತ್ತರದ ಬೆಟ್ಟದ ಮೇಲೆ ಕೋಟೆ. ಎಲ್ಲವೂ ಕಾಲ್ನಡಿಗೆಯ ದೂರದಲ್ಲೇ ಇವೆ. ಬೆಟ್ಟದ ಮೇಲೆ ಬಿದ್ದ ಮಳೆಯ ನೀರನ್ನು ಹಿಡಿದಿಡಲು ಹಿಂದಿನವರು ಕಟ್ಟಿಸಿದ ಕೆರೆ ಇದು. ಹೆಸರು ಅಗಸ್ತ್ಯತೀರ್ಥ.

ಈ ಹೆಸರಿನ ಹಿಂದಿನ ಕಥೆ ನಿಮಗೆ ಗೊತ್ತಿಲ್ಲದಿದ್ದರೂ ನಿಮ್ಮ ಹೊಟ್ಟೆಗೆ ಗೊತ್ತು! ವಾತಾಪಿ, ಇಲ್ವಲ ಎಂಬ ಇಬ್ಬರು ರಾಕ್ಷಸ ಸಹೋದರರಿದ್ದರಂತೆ. ವಾತಾಪಿ ಆಡಾಗುತ್ತಿದ್ದ, ಇಲ್ವಲ ಅದನ್ನು ಕಡಿದು ಅಡುಗೆ ಮಾಡಿ, ದಾರಿಯಲ್ಲಿ ಬಂದ ಅತಿಥಿಗಳಿಗೆ ಬಡಿಸುತ್ತಿದ್ದ. ಊಟವಾದ ಮೇಲೆ "ವಾತಾಪೀ, ಹೊರಗೆ ಬಾ" ಎಂದು ಕರೆದರೆ, ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಬರುತ್ತಿದ್ದ. ಒಂದು ದಿನ ಅಗಸ್ತ್ಯರು ಬಂದರು. ಉಂಡರು. ಇಲ್ವಲ ಕರೆಯುವ ಮೊದಲೇ ಹೊಟ್ಟೆ ಸವರಿಕೊಂಡು "ವಾತಾಪಿ ಜೀರ್ಣೋ ಭವ" ಎಂದರು. ಕಥೆ ಮುಗಿಯಿತು! ಎಳೆಗೂಸಿಗೆ ಹಾಲು ಕುಡಿಸಿ ಹೊಟ್ಟೆ ನೀವುತ್ತಾ ನಮ್ಮ ಮನೆಗಳ ಅಜ್ಜಿಯರು ಇಂದಿಗೂ ಹೇಳುವ ಮಾತು ಇದೇ. ನಿಮ್ಮ ಹೊಟ್ಟೆಯ ಮೇಲೂ ಯಾರೋ ಹೀಗೆ ಹೇಳಿ ಕೈಯಾಡಿಸಿರಬಹುದು, ಮನೆಯಲ್ಲಿ ಕೇಳಿ ನೋಡಿ. ಆ ವಾತಾಪಿಯ ಊರೇ ಬಾದಾಮಿ. ಬಂಡೆಗಳು ಬಾದಾಮಿಯ ಬಣ್ಣದವು, ಅದಕ್ಕೇ ಈ ಹೆಸರು ಎಂದು ಯಾರಾದರೂ ಹೇಳಿದರೆ ನಕ್ಕುಬಿಡಿ.

ಅರ್ಧ ಪುಟದ ಚಾಲುಕ್ಯರು

ನಿಮ್ಮ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಮೊಗಲರಿಗೆ ಹತ್ತಾರು ಪುಟ. ಮಹಾರಾಷ್ಟ್ರದಲ್ಲಿ ಓದಿದವರಿಗೆ ಶಿವಾಜಿ ಮಹಾರಾಜರ ಒಂದೊಂದು ಕೋಟೆಯೂ ಗೊತ್ತು. ತಮಿಳುನಾಡಿನಲ್ಲಿ ಓದಿದವರಿಗೆ ಚೋಳರು, ಪಲ್ಲವರು ಗೊತ್ತು. ಅದು ಆಗಬೇಕಾದ್ದೇ. ಚಾಲುಕ್ಯರಿಗೆ ಮಾತ್ರ ಸಿಗುವುದು ಬಹಳವೆಂದರೆ ಅರ್ಧ ಪುಟ. ಆದ್ದರಿಂದ ಉಳಿದರ್ಧವನ್ನು ನಾನು ಸೇರಿಸುತ್ತೇನೆ.

ಕ್ರಿ.ಶ. 543ರಲ್ಲಿ ಒಂದನೇ ಪುಲಕೇಶಿ ಈ ಬೆಟ್ಟಕ್ಕೆ ಕೋಟೆ ಕಟ್ಟಿಸಿದ. ಅವನೇ ಬಂಡೆಯ ಮೇಲೆ ಶಾಸನ ಹಾಕಿಸಿದ್ದರಿಂದ ಇಸವಿ ಇಷ್ಟು ಖಚಿತವಾಗಿ ಗೊತ್ತಾಗುತ್ತದೆ. ಅಲ್ಲಿಂದ ಸುಮಾರು 200 ವರ್ಷ ಇದು ರಾಜಧಾನಿ. ಅವನ ಮೊಮ್ಮಗ ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ನರ್ಮದೆಯ ದಡದಲ್ಲಿ ತಡೆದು ನಿಲ್ಲಿಸಿದವನು. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇವನ ರಾಜ್ಯಕ್ಕೆ ಬಂದು, ಇಲ್ಲಿಯ ಜನ ಉಪಕಾರವನ್ನೂ ಮರೆಯುವುದಿಲ್ಲ, ಅವಮಾನವನ್ನೂ ಮರೆಯುವುದಿಲ್ಲ ಎಂಬರ್ಥದ ಮಾತು ಬರೆದಿಟ್ಟ. ಪುಲಕೇಶಿಯ ಕಾಲದ ಐಹೊಳೆಯ ಶಾಸನ ಅವನನ್ನು ಮೂರು ಮಹಾರಾಷ್ಟ್ರಗಳ, 99,000 ಹಳ್ಳಿಗಳ ಒಡೆಯ ಎಂದು ಹೊಗಳುತ್ತದೆ. ಮುಂಬಯಿ, ಪುಣೆಯ ಮಿತ್ರರೇ, ಗಡಿಯ ಜಗಳದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನೀವು ಇಬ್ಬರ ನಡುವೆ ಸಿಕ್ಕಿಕೊಂಡವರಂತೆ ಒದ್ದಾಡುತ್ತೀರಿ. ಆಗ ಇದನ್ನೊಮ್ಮೆ ನೆನೆಸಿಕೊಳ್ಳಿ. ನೀವು ಹುಟ್ಟಿದ ನೆಲ, ನಿಮ್ಮ ಅಜ್ಜ ಹುಟ್ಟಿದ ನೆಲ ಎರಡೂ ಈ ಕೆರೆಯ ದಂಡೆಯಲ್ಲಿ ಕುಳಿತಿದ್ದ ಒಬ್ಬನೇ ದೊರೆಯ ನೆರಳಲ್ಲಿದ್ದ ಕಾಲವೂ ಇತ್ತು.

ಮೊದಲ ದಿನ: ಗುಹೆಗಳು

ಬೆಳಿಗ್ಗೆ ಬೇಗ ಹೊರಡಿ. ಬಂಡೆ ಕಾದ ಮೇಲೆ ಮೆಟ್ಟಿಲು ಹತ್ತುವುದು ಕಷ್ಟ. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿಯಬೇಡಿ. ಇಲ್ಲಿನ ಮಂಗಗಳು ನಿಮಗಿಂತ ಚುರುಕು.

ನಾಲ್ಕು ಗುಹೆಗಳೂ ಒಂದೇ ಬೆಟ್ಟದ ಹೊಟ್ಟೆಯಲ್ಲಿವೆ. ಮೊದಲನೆಯದು ಶಿವನದು. ಬಾಗಿಲ ಪಕ್ಕದ ಬಂಡೆಯಲ್ಲೇ 18 ಕೈಗಳ ನಟರಾಜ ಕುಣಿಯುತ್ತಾನೆ. ನಿಮ್ಮಲ್ಲಿ ಭರತನಾಟ್ಯ ಕಲಿತವರು ಇದ್ದೀರಲ್ಲ, ಒಂದು ಕೆಲಸ ಮಾಡಿ. ಎಡದ ಒಂದು ಕೈ, ಬಲದ ಒಂದು ಕೈ ಜೋಡಿ ಮಾಡುತ್ತಾ ಹೋಗಿ. ಒಂಬತ್ತು ಒಂಬತ್ತಲ ಎಂಬತ್ತೊಂದು! ಇಷ್ಟು ಭಂಗಿಗಳನ್ನು ಒಂದೇ ಮೂರ್ತಿಯಲ್ಲಿ ಇಟ್ಟಿದ್ದಾನೆ ಎಂದು ಗೈಡುಗಳು ಹೇಳುವುದು ಈ ಲೆಕ್ಕದಿಂದಲೇ. ಎದುರು ಬದಿಯಲ್ಲಿ ದ್ವಾರಪಾಲಕನ ಕಾಲ ಬಳಿ ಒಂದು ತಮಾಷೆಯ ಪ್ರಾಣಿಯಿದೆ. ಒಂದು ಕಡೆಯನ್ನು ಕೈಯಿಂದ ಮುಚ್ಚಿದರೆ ಆನೆ, ಇನ್ನೊಂದು ಕಡೆಯನ್ನು ಮುಚ್ಚಿದರೆ ಎತ್ತು. ತಲೆ ಮಾತ್ರ ಒಂದೇ. ಸುಮಾರು 1,400 ವರ್ಷದ ಹಿಂದೆಯೂ ಕಲ್ಲು ಕೆತ್ತುವವನಿಗೆ ನಗು ಬರುತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಎರಡನೆಯ ಗುಹೆಯಲ್ಲಿ ವಿಷ್ಣು: ಭೂದೇವಿಯನ್ನು ಎತ್ತಿದ ವರಾಹ, ಆಕಾಶಕ್ಕೆ ಕಾಲು ಚಾಚಿದ ತ್ರಿವಿಕ್ರಮ. ಇಲ್ಲಿ ಬೇಗ ನೋಡಿ ಮುಂದೆ ನಡೆಯಿರಿ, ಏಕೆಂದರೆ ಇವೇ ಕಥೆಗಳು ಇನ್ನಷ್ಟು ದೊಡ್ಡದಾಗಿ ಮೂರನೆಯದರಲ್ಲಿ ಕಾದಿವೆ.

ಮೂರನೆಯ ಗುಹೆಗೆ ಕಡಿಮೆಯೆಂದರೂ ಒಂದು ಗಂಟೆ ಇಟ್ಟುಕೊಳ್ಳಿ. ಮುಂಭಾಗವೇ ಸುಮಾರು 70 ಅಡಿ ಅಗಲ. ಆದಿಶೇಷನ ಸುರುಳಿಯ ಮೇಲೆ ಆರಾಮವಾಗಿ ಕುಳಿತ ವಿಷ್ಣು, ಅರ್ಧ ಶಿವ ಅರ್ಧ ವಿಷ್ಣುವಾದ ಹರಿಹರ, ಹಿರಣ್ಯಕಶಿಪುವಿನ ಕರುಳು ಬಗೆಯದೆ ಗೆಳೆಯನಂತೆ ನಿಂತಿರುವ ನರಸಿಂಹ. ಕಂಬಗಳ ಮೇಲ್ತುದಿಯಲ್ಲಿ ಗಂಡು-ಹೆಣ್ಣಿನ ಜೋಡಿಗಳಿವೆ. ಒಂದು ಜೋಡಿ ಮರದ ಕೆಳಗೆ, ಇನ್ನೊಂದು ಮುನಿಸಿಕೊಂಡು ಸಮಾಧಾನ ಮಾಡಿಕೊಳ್ಳುವಂತೆ; ಒಬ್ಬೊಬ್ಬರ ತಲೆಕಟ್ಟೂ ಬೇರೆ ಬೇರೆ. ತಲೆಯೆತ್ತಿ ಸೂರಿನ ಒಳಭಾಗ ನೋಡಿದರೆ ಹಳೆಯ ಬಣ್ಣದ ಚಿತ್ರಗಳ ಕಲೆ ಇನ್ನೂ ಮಸುಕಾಗಿ ಕಾಣುತ್ತದೆ.

ಈ ಗುಹೆಗೆ ಹುಟ್ಟಿದ ದಿನವೂ ಇದೆ! ಶಕವರ್ಷ 500, ಎಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆ. ಮಂಗಲೇಶ ಎಂಬ ರಾಜಕುಮಾರ, ದೊರೆಯಾಗಿದ್ದ ತನ್ನ ಅಣ್ಣ ಕೀರ್ತಿವರ್ಮನಿಗೆ ಪುಣ್ಯ ಬರಲೆಂದು ಇದನ್ನು ಮಾಡಿಸಿದ ಎಂದು ಇಲ್ಲಿಯ ಸಂಸ್ಕೃತ ಶಾಸನ ಹೇಳುತ್ತದೆ. ಅದರ ಜೊತೆಗೆ ಅವನದೇ ಪುಟ್ಟದೊಂದು ಕನ್ನಡ ಶಾಸನವೂ ಇದೆ, ದೇವರಿಗೆ ಒಂದು ಹಳ್ಳಿಯನ್ನು ಬಿಟ್ಟುಕೊಟ್ಟದ್ದಕ್ಕೆ. ಅಣ್ಣನ ಮೇಲೆ ಇಷ್ಟು ಪ್ರೀತಿಯಿದ್ದ ತಮ್ಮನ ಮುಂದಿನ ಕಥೆ ಕೇಳಿ. ಅಣ್ಣ ತೀರಿಕೊಂಡ ಮೇಲೆ ಮಂಗಲೇಶನೇ ಸಿಂಹಾಸನವೇರಿದ. ಅಣ್ಣನ ಮಗನಿಗೆ ಬಿಟ್ಟುಕೊಡುವ ಬದಲು ತನ್ನ ಮಗನಿಗೇ ರಾಜ್ಯ ಕೊಡಲು ಹೊರಟ. ಅಣ್ಣನ ಮಗ ಯುದ್ಧ ಮಾಡಿ ಚಿಕ್ಕಪ್ಪನನ್ನು ಕೊಂದು ಪಟ್ಟವೇರಿದ. ಆ ಹುಡುಗನೇ ಇಮ್ಮಡಿ ಪುಲಕೇಶಿ. ಆಸ್ತಿಗಾಗಿ ಅಣ್ಣತಮ್ಮಂದಿರ ಮಕ್ಕಳು ಕೋರ್ಟು ಹತ್ತುವುದು ನಮ್ಮಲ್ಲಿ ಇಂದು ನಿನ್ನೆಯದಲ್ಲ ಎನ್ನಿ!

ನಾಲ್ಕನೆಯ ಗುಹೆ ಜೈನರದು. ಬಳ್ಳಿ ಹಬ್ಬಿದ ಬಾಹುಬಲಿಯಿದ್ದಾನೆ. ಶ್ರವಣಬೆಳಗೊಳದ ದೊಡ್ಡ ಮೂರ್ತಿ ನಿಂತದ್ದು ಕ್ರಿ.ಶ. 981ರ ಸುಮಾರಿಗೆ, ಇವನು ಅದಕ್ಕಿಂತ ಬಹಳ ಹಿರಿಯ. ಬೆಟ್ಟದ ಬುಡದಲ್ಲಿ ವಿಜಾಪುರದ ಸುಲ್ತಾನರ ಕಾಲದ ಮಸೀದಿ. ಶಿವ, ವಿಷ್ಣು, ಜಿನ, ಅಲ್ಲಾ ನಾಲ್ವರೂ ಒಂದೇ ಬೆಟ್ಟಕ್ಕೆ ಬೆನ್ನು ಕೊಟ್ಟು, ಒಂದೇ ಕೆರೆಯನ್ನು ನೋಡುತ್ತಾ ಕುಳಿತಿದ್ದಾರೆ.

ಸಂಜೆ: ಕೆರೆಯ ಸುತ್ತ, ಕಪ್ಪೆ ಅರಭಟ್ಟನವರೆಗೆ

ಬಿಸಿಲು ಇಳಿದ ಮೇಲೆ ಕೆರೆಯ ದಂಡೆ ಹಿಡಿದು ನಡೆಯಿರಿ. ಊರಿನ ಕಡೆಯ ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಫೋಟೋ ತೆಗೆಯುವ ಮೊದಲು ಅವರನ್ನು ಕೇಳಿ. ಕೇಳಿದರೆ ಬೈಯುವುದಿಲ್ಲ, "ಯಾವೂರ್ರೀ ನಿಮ್ದು?" ಎಂದು ಮಾತಿಗೇ ಕೂರಿಸುತ್ತಾರೆ. ಪೂರ್ವದ ತುದಿಯಲ್ಲಿ ಭೂತನಾಥನ ಗುಡಿ. ಗರ್ಭಗುಡಿ ಬಾದಾಮಿಯ ಚಾಲುಕ್ಯರದು. ನೀರಿನ ಕಡೆಗೆ ಚಾಚಿರುವ ಮಂಟಪ ಆಮೇಲೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸೇರಿದ್ದು. ಮಂಟಪದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಸಂಜೆಯ ಬಿಸಿಲಿಗೆ ಬಂಡೆಗಳು ಕೆಂಡದ ಬಣ್ಣಕ್ಕೆ ತಿರುಗುವುದನ್ನು ನೋಡಿ. ಅರ್ಧ ಗಂಟೆ ಮೊಬೈಲು ಜೇಬಿನಲ್ಲೇ ಇರಲಿ. ಗುಡಿಯ ಹಿಂದಿನ ಬಂಡೆಗಳಲ್ಲೂ ಕೆತ್ತನೆಗಳಿವೆ. ಶೇಷನ ಮೇಲೆ ಮಲಗಿದ ವಿಷ್ಣುವನ್ನು ಹುಡುಕಿ. ಮಳೆಗಾಲದಲ್ಲಿ ಹೋದವರಿಗೆ ಇನ್ನೊಂದು ಬಹುಮಾನ: ಬೆಟ್ಟದ ಮೇಲಿಂದ ಕೆರೆಗೆ ಧುಮುಕುವ ಜೋಡಿ ಝರಿಗಳು. ಅಕ್ಕ-ತಂಗಿ ಎಂದು ಅವುಗಳ ಹೆಸರು.

ಈಗ ಮೊದಲೇ ಹೇಳಿದ ಆ ಬಂಡೆಯ ವಿಷಯಕ್ಕೆ ಬರುತ್ತೇನೆ. ಕೆರೆಯ ಈಶಾನ್ಯದ ಕಡೆ ಒಂದು ಬಂಡೆಗೋಡೆಯ ಮೇಲೆ ಸುಮಾರು ಕ್ರಿ.ಶ. 700ರ ಹತ್ತು ಸಾಲಿನ ಬರಹವಿದೆ. ಅದೇ ಕಪ್ಪೆ ಅರಭಟ್ಟನ ಶಾಸನ. ಊರಿನವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಈ ಅರಭಟ್ಟ ಯಾವ ರಾಜನೂ ಅಲ್ಲ. ಒಳ್ಳೆಯವರಿಗೆ ಒಳ್ಳೆಯವನು, ಪ್ರೀತಿಯಿಂದ ಬಂದವರಿಗೆ ಪ್ರೀತಿ ತೋರುವವನು, ಕೆಣಕಿದವರಿಗೆ ಮಾತ್ರ ಕಲಿಯನ್ನೂ ಮೀರಿದವನು: ಇಂಥ ಒಬ್ಬ ಮನುಷ್ಯನ ಸ್ವಭಾವದ ವರ್ಣನೆ ಅಲ್ಲಿದೆ. ಯುದ್ಧ ಗೆದ್ದದ್ದಕ್ಕಲ್ಲ, ದಾನ ಕೊಟ್ಟದ್ದಕ್ಕಲ್ಲ. ಹೇಗಿದ್ದ ಎಂಬುದಕ್ಕಾಗಿ ಒಬ್ಬನ ಹೆಸರು ಕಲ್ಲಿನ ಮೇಲೆ ನಿಂತಿದೆ.

ಆ ಬರಹದ ಮುಂದೆ ನಿಂತಾಗ ಒಂದು ವಿಷಯ ನಿಮಗೆ ಹೊಳೆಯುತ್ತದೆ. ಅದನ್ನು ನಿಮ್ಮಿಂದ ಓದಲಾಗುವುದಿಲ್ಲ. ಆದರೆ ನಿಮ್ಮ ಅಪ್ಪನಿಂದಲೂ ಆಗುವುದಿಲ್ಲ, ಕನ್ನಡ ಮಾಧ್ಯಮದಲ್ಲಿ ಓದಿದ ನಿಮ್ಮ ಊರಿನ ಅಣ್ಣ ಅಕ್ಕಂದಿರಿಂದಲೂ ಆಗುವುದಿಲ್ಲ. ಸಂಘದ ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಹಿರಿಯರಿಂದಲೂ ಆಗುವುದಿಲ್ಲ. ಅಕ್ಷರದ ರೂಪ ಅಷ್ಟು ಬದಲಾಗಿದೆ. ಹಳೆಯ ಲಿಪಿಯನ್ನು ಕುಳಿತು ಕಲಿತವರು ಮಾತ್ರ ಓದಬಲ್ಲರು. ಆ ಬಂಡೆಯ ಮುಂದೆ ನಾವೆಲ್ಲರೂ ಒಂದೇ ತರಗತಿಯ ಹುಡುಗರು. ಕನ್ನಡದಲ್ಲಿ ಹುಟ್ಟಿದ ಮಾತ್ರಕ್ಕೆ ಕನ್ನಡ ಬಂದುಬಿಡುವುದಿಲ್ಲ. ಯಾರೇ ಆಗಲಿ, ಎಲ್ಲೇ ಇರಲಿ, ಕಲಿತವರಿಗೆ ಅದು ದಕ್ಕುತ್ತದೆ. "ನನಗೆ ಮಾತಾಡೋಕೆ ಬರುತ್ತೆ ಆಂಟಿ, ಓದೋಕೆ ಬರೋಲ್ಲ" ಎಂದು ನೀವು ಅಪರಾಧಿಗಳಂತೆ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಬಂಡೆಯ ನೆನಪಾಗುತ್ತದೆ. ಇಂದಿನ ಕನ್ನಡದ ಅಕ್ಷರಗಳನ್ನು ಕಲಿಯಲು ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು ಸಾಕು. ಬಂಡೆಯ ಅಕ್ಷರಕ್ಕೆ ಹೋಲಿಸಿದರೆ ಅದೇನು ಮಹಾ!

ಎರಡನೆಯ ದಿನ: ಕೋಟೆ, ಸೋಲು, ಗೆಲುವು

ಉತ್ತರದ ಬೆಟ್ಟ ಹತ್ತುವ ದಾರಿಯೇ ಒಂದು ಸೊಗಸು. ಎರಡೂ ಬದಿಗೆ ಗೋಡೆಯಂತೆ ಎದ್ದ ಬಂಡೆಗಳ ಸಂದಿಯಲ್ಲಿ ಮೆಟ್ಟಿಲುಗಳು. ಮೇಲೆ ಕಣಜಗಳು, ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಮೇಲಿನ ಶಿವಾಲಯದ ಬುಡದಲ್ಲಿ ರಾಮಾಯಣದ, ಕೃಷ್ಣನ ಬಾಲ್ಯದ ಕಥೆಗಳನ್ನು ಸಾಲಾಗಿ ಕೆತ್ತಿದ್ದಾರೆ. ಅಲ್ಲಿಂದ ಕೆರೆಯನ್ನೂ ಊರನ್ನೂ ಒಂದೇ ನೋಟಕ್ಕೆ ನೋಡಬಹುದು. ಇದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಬಂಡೆಯ ಮೇಲೆ ಒಂಟಿಯಾಗಿ ಕುಳಿತಿದೆ ಮಾಲೆಗಿತ್ತಿ ಶಿವಾಲಯ. ಹೂಮಾಲೆ ಕಟ್ಟುವವನು ಮಾಲೆಗಾರ, ಕಟ್ಟುವವಳು ಮಾಲೆಗಿತ್ತಿ. ಸೂಲಗಿತ್ತಿ, ಒಕ್ಕಲಗಿತ್ತಿ ಎಂಬ ಪದಗಳಲ್ಲಿ ಇರುವುದೂ ಇದೇ 'ಗಿತ್ತಿ'. ರಾಜರಾಣಿಯರ ಊರಿನಲ್ಲಿ ಒಂದು ಗುಡಿಗಾದರೂ ಕೆಲಸದ ಹೆಣ್ಣುಮಗಳ ಹೆಸರು ಉಳಿದಿದೆ ಎಂಬುದು ನನಗೆ ಬಹಳ ಸಂತೋಷದ ವಿಷಯ. ಬೆಟ್ಟದ ಬುಡದಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿಯ ಲಜ್ಜಾಗೌರಿ ಮೂರ್ತಿಯನ್ನು ತಪ್ಪದೆ ನೋಡಿ. ತಾವರೆಯೇ ತಲೆಯಾಗಿರುವ, ಹೆರಿಗೆಯ ಭಂಗಿಯಲ್ಲಿರುವ ತಾಯಿದೇವಿ. ಹುಡುಗರು ಕಿಸಕ್ಕೆಂದು ನಗಬೇಡಿ. ಮಕ್ಕಳನ್ನು ಬೇಡಿ ಎಷ್ಟೋ ಹೆಣ್ಣುಮಕ್ಕಳು ಕೈಮುಗಿದ ದೇವತೆ ಅವಳು.

ಕೋಟೆಯ ಮೇಲೆ ನಿಂತಾಗ ಚೆನ್ನೈಯ ಮಿತ್ರರಿಗೆ ಹೇಳಬೇಕಾದ ಕಥೆಯೊಂದಿದೆ. ಇಮ್ಮಡಿ ಪುಲಕೇಶಿ ಕಂಚಿಯವರೆಗೆ ದಂಡೆತ್ತಿ ಹೋಗಿ ಪಲ್ಲವರನ್ನು ಕಾಡಿದ. ಸುಮಾರು ಕ್ರಿ.ಶ. 642ರಲ್ಲಿ ಪಲ್ಲವ ನರಸಿಂಹವರ್ಮ ಸೇಡು ತೀರಿಸಿಕೊಂಡ. ಬಾದಾಮಿಯನ್ನೇ ಹಿಡಿದು 'ವಾತಾಪಿಕೊಂಡ' ಎಂಬ ಬಿರುದು ಧರಿಸಿದ. ಅವನ ಶಾಸನ ಇಲ್ಲಿಯ ಬಂಡೆಯ ಮೇಲೆ ಸವೆದುಹೋದ ಸ್ಥಿತಿಯಲ್ಲಿ ಇಂದಿಗೂ ಇದೆ. ಅವನಿಗೆ ಮಾಮಲ್ಲ ಎಂಬ ಹೆಸರೂ ಉಂಟು; ನೀವು ಪಿಕ್‌ನಿಕ್ಕಿಗೆ ಹೋಗುವ ಮಾಮಲ್ಲಪುರಕ್ಕೆ ಹೆಸರು ಬಂದದ್ದು ಅವನಿಂದಲೇ. ಆಗ ಅವನ ಸೇನಾಪತಿ ಇಲ್ಲಿಂದ ಒಂದು ಗಣಪತಿಯನ್ನು ತಮಿಳುನಾಡಿಗೆ ಒಯ್ದನೆಂದು ಅಲ್ಲಿ ಪ್ರತೀತಿ. ನಿಮ್ಮ ಸಂಗೀತದ ಟೀಚರು ಹಂಸಧ್ವನಿಯಲ್ಲಿ ಕಲಿಸುವ ಮುತ್ತುಸ್ವಾಮಿ ದೀಕ್ಷಿತರ ಕೃತಿಯಲ್ಲಿ 'ವಾತಾಪಿ' ಎಂಬ ಮಾತು ಏಕಿದೆ ಎಂದು ಈಗ ತಿಳಿಯಿತಲ್ಲ?

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 12-13 ವರ್ಷಗಳ ಮೇಲೆ ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಊರನ್ನು ಮರಳಿ ಗೆದ್ದ. ಮುಂದೆ ಅವನ ವಂಶದ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನೇ ಗೆದ್ದ. ಗೆದ್ದವನು ಏನು ಮಾಡಿದ? ಅಲ್ಲಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಹಿಂದಿರುಗಿಸಿದ. ಹಾಗೆಂದು ಆ ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಚೆನ್ನೈಯಿಂದ ಕಂಚಿ ಎಷ್ಟು ಹತ್ತಿರ! ಸೀರೆ ಕೊಳ್ಳಲು ಅಮ್ಮನ ಜೊತೆ ಹೋದಾಗ ಆ ಕಂಬವನ್ನೂ ನೋಡಿ ಬನ್ನಿ. ಬಾದಾಮಿಯಲ್ಲಿ ಪಲ್ಲವನ ಬರಹ, ಕಂಚಿಯಲ್ಲಿ ಕನ್ನಡದ ಬರಹ. ಸಾವಿರಾರು ಜನ ಸತ್ತ ಯುದ್ಧಗಳಲ್ಲಿ ಕೊನೆಗೆ ಎರಡೂ ಕಡೆ ಉಳಿದದ್ದು ಇಷ್ಟೇ. ನದಿ ನೀರಿಗಾಗಿ ಬಸ್ಸಿಗೆ ಕಲ್ಲು ಬೀಳುವ ದಿನಗಳಲ್ಲಿ ನಿಮ್ಮ ತಮಿಳು ಗೆಳೆಯರಿಗೆ ಈ ಎರಡು ಕಲ್ಲುಗಳ ಕಥೆ ಹೇಳಿ.

ಮಧ್ಯಾಹ್ನದ ಮೇಲೆ ಬನಶಂಕರಿಗೆ ಹೋಗಿ, ಬಾದಾಮಿಯಿಂದ ಸುಮಾರು 5 ಕಿ.ಮೀ. ಕರ್ನಾಟಕದಲ್ಲಷ್ಟೇ ಅಲ್ಲ, ಮಹಾರಾಷ್ಟ್ರದಲ್ಲೂ ಅನೇಕ ಮನೆತನಗಳಿಗೆ ಇವಳು ಕುಲದೇವತೆ. ಪುಷ್ಯಮಾಸದ ಬನದ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ಅದಕ್ಕೆ ಮುನ್ನ ಪಲ್ಲೇದ ಹಬ್ಬ. ದೇವಿಗೆ 108 ಬಗೆಯ ತರಕಾರಿ ಪಲ್ಯಗಳ ನೈವೇದ್ಯ. ಜಾತ್ರೆಗೆ ನಾಟಕ ಕಂಪನಿಗಳು ಬಂದು ಬೀಡು ಬಿಟ್ಟು ರಾತ್ರಿಯಿಡೀ ಆಡುತ್ತವೆ. ದೇವಸ್ಥಾನದ ಮುಂದಿನ ಹೊಂಡದ ಕಟ್ಟೆಯ ಮೇಲೆ, ಇಳಕಲ್ ಸೀರೆಯುಟ್ಟ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ: ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹೋಟೆಲಿನ ಮೆನು ಮರೆತು ಇಲ್ಲಿ ಕುಳಿತು ಉಣ್ಣಿ. "ಇನ್ನೊಂದು ಹಾಕ್ಕೋ ತಮ್ಮಾ" ಎಂದು ಅವರು ಬಡಿಸುವಾಗ, ವ್ಯಾಪಾರ ಯಾವುದು, ಅಕ್ಕರೆ ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ.

ಮೂರನೆಯ ದಿನ: ಸುತ್ತಮುತ್ತ

ಬೆಳಿಗ್ಗೆ ಮಹಾಕೂಟ. ಮರಗಳ ನೆರಳು, ಒತ್ತಾಗಿ ನಿಂತ ಗುಡಿಗಳು, ನಡುವೆ ಸದಾ ಊಟೆಯ ನೀರಿರುವ ಪುಷ್ಕರಿಣಿ. ಆಮೇಲೆ ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲು, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ತಾಣ. ಕಂಚಿಯನ್ನು ಗೆದ್ದ ನೆನಪಿಗೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ದೊಡ್ಡ ದೇವಾಲಯವೇ ಇಲ್ಲಿಯ ವಿರೂಪಾಕ್ಷ. ಕಂಚಿಯ ಕೈಲಾಸನಾಥವನ್ನು ನೋಡಿ ಇದು, ಇದನ್ನು ನೋಡಿ ರಾಷ್ಟ್ರಕೂಟರ ಎಲ್ಲೋರದ ಕೈಲಾಸ ಎಂದು ಬಲ್ಲವರು ಹೇಳುತ್ತಾರೆ. ಶಾಲೆಯ ಟ್ರಿಪ್ಪಿನಲ್ಲಿ ಎಲ್ಲೋರ ನೋಡಿದವರಿಗೆ ಇಲ್ಲಿ ಹಳೆಯ ಪರಿಚಯದವರನ್ನು ಕಂಡಂತಾಗುತ್ತದೆ. ಇನ್ನೂ ಮುಂದೆ ಹೋದರೆ ಐಹೊಳೆ. ಗುಡಿ ಕಟ್ಟುವುದನ್ನು ಚಾಲುಕ್ಯರು ಅಭ್ಯಾಸ ಮಾಡಿದ ಪಾಠಶಾಲೆಯಂಥ ಊರು. ಮೇಗುತಿ ಗುಡ್ಡ ಹತ್ತಿ, ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆದ ಶಾಸನವನ್ನು ಕಂಡು ಇಳಿಯಿರಿ. ದಾರಿಯಲ್ಲಿ ಅಮೀನಗಡ ಸಿಕ್ಕರೆ ಕರದಂಟು ಕೊಳ್ಳಿ. ಬೆಲ್ಲ, ಅಂಟು, ಒಣಹಣ್ಣಿನ ಆ ಉಂಡೆ ವಾರವಾದರೂ ಕೆಡುವುದಿಲ್ಲ.

ಹುಡುಗಿಯರಿಗೆ ಒಂದು ಮಾತು. ದಾದರ್, ಲಕ್ಷ್ಮೀರೋಡುಗಳ ಅಂಗಡಿಗಳಲ್ಲಿ ನೀವು ಹಂಬಲಿಸಿ ಕೊಳ್ಳುವ 'ಖಣ' ಇದೆಯಲ್ಲ, ಈಗ ಕುರ್ತಾ, ಪರ್ಸು, ಓಲೆಗೂ ಬಂದಿದೆಯಲ್ಲ, ಅದರ ತವರು ಬಾದಾಮಿಯ ಪಕ್ಕದ ಗುಳೇದಗುಡ್ಡ. ಮರಾಠಿ ಮನೆಗಳ ಉಡಿ ತುಂಬುವ ಶಾಸ್ತ್ರಕ್ಕೂ ನಮ್ಮ ಮನೆಗಳ ಉಡಿ ತುಂಬುವ ಶಾಸ್ತ್ರಕ್ಕೂ ಬಟ್ಟೆ ನೇಯ್ದದ್ದು ಅದೇ ಊರಿನ ಮಗ್ಗ. ಪವರ್‌ಲೂಮಿನ ಅಗ್ಗದ ಮಾಲಿನೆದುರು ಕೈಮಗ್ಗದ ನೇಕಾರರಿಗೆ ಇಂದು ಬಹಳ ಕಷ್ಟವಿದೆ. ಸಾಧ್ಯವಾದರೆ ಅಲ್ಲಿಗೇ ಹೋಗಿ ನೇಕಾರರಿಂದಲೇ ಒಂದೆರಡು ಕೊಳ್ಳಿ.

ಸಹ್ಯಾದ್ರಿಯ ಕೋಟೆಗಳನ್ನು ಹತ್ತಿ ಅಭ್ಯಾಸವಿರುವವರಿಗೂ ಇಲ್ಲಿ ಕೆಲಸವಿದೆ. ಬಾದಾಮಿಯ ಮರಳುಗಲ್ಲಿನ ಗೋಡೆಗಳು ದೇಶದ ಶಿಲಾರೋಹಿಗಳಿಗೆಲ್ಲ ಪರಿಚಿತ. ಆದರೆ ಅನುಮತಿಯಿರುವ ಕಡೆ, ಬಲ್ಲವರ ಜೊತೆಯಲ್ಲಿ, ಹಗ್ಗ ಕಟ್ಟಿಕೊಂಡೇ ಹತ್ತಿ.

ಹೋಗುವುದು ಹೇಗೆ

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹಿತವಾದ ಕಾಲ. ಏಪ್ರಿಲ್, ಮೇ ಬೇಡ. ಬಂಡೆ ಕಾದ ಹಂಚಾಗಿರುತ್ತದೆ. ಮುಂಬಯಿ, ಪುಣೆಯಿಂದ ಸೊಲ್ಲಾಪುರ, ವಿಜಯಪುರದ ದಾರಿಯಾಗಿ ರೈಲಿದೆ. ಉಳಿದವರು ಹುಬ್ಬಳ್ಳಿ ಅಥವಾ ಗದಗಿಗೆ ಬಂದು ಅಲ್ಲಿಂದ ಬಸ್ಸು, ರೈಲು ಹಿಡಿಯಬಹುದು. ಸ್ಟೇಷನ್ನು ಊರಿನಿಂದ ಸುಮಾರು 5 ಕಿ.ಮೀ. ದೂರ, ಆಟೋ ಸಿಗುತ್ತದೆ. ವಸ್ತುಸಂಗ್ರಹಾಲಯದ ರಜೆ ಯಾವ ದಿನ ಎಂದು ಮೊದಲೇ ವಿಚಾರಿಸಿಕೊಳ್ಳಿ. ಟೋಪಿ, ನೀರಿನ ಬಾಟಲಿ, ಜಾರದ ಬೂಟು ಇರಲಿ. ಖಾಲಿ ಬಾಟಲಿಯನ್ನು ವಾಪಸು ತನ್ನಿ. ಆ ಕೆರೆ 1,400 ವರ್ಷದಿಂದ ಎಲ್ಲರ ಪಾಪ ತೊಳೆದಿದೆ, ಪ್ಲಾಸ್ಟಿಕ್ಕನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಇನ್ನು ಮೊಳೆಯಿಂದ ಬಂಡೆಯ ಮೇಲೆ ಹೆಸರು ಗೀಚುವವರ ಗುಂಪಿಗಂತೂ ನೀವು ಸೇರುವುದಿಲ್ಲ ಎಂದು ನಂಬಿದ್ದೇನೆ. ಅಲ್ಲಿ ಹೆಸರು ಕೆತ್ತುವ ಯೋಗ್ಯತೆ ಆ ಗುಹೆಗಳನ್ನು ಕಡಿದ ಶಿಲ್ಪಿಗಳದ್ದು. ಅವರಲ್ಲಿ ಕೆಲವರ ಹೆಸರು ಅಲ್ಲಿ ಇದ್ದೇ ಇದೆ.

ಹೊರಡುವ ಮೊದಲು ಒಂದು ಕೆಲಸ

ಕಪ್ಪೆ ಅರಭಟ್ಟನ ಶಾಸನದ ಒಂದು ಗುಟ್ಟನ್ನು ಕೊನೆಗೆಂದು ಉಳಿಸಿಕೊಂಡಿದ್ದೆ. ಅದರಲ್ಲಿರುವ ಕನ್ನಡದ ಪದ್ಯಗಳು ಮೂರು ಸಾಲಿನವು, ತ್ರಿಪದಿಗಳು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ತ್ರಿಪದಿಗಳು ಇವೇ. ಸರ್ವಜ್ಞ ತನ್ನ ವಚನಗಳನ್ನು ಹೇಳಿದ್ದೂ ಇದೇ ತ್ರಿಪದಿಯಲ್ಲಿ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಜೋಳ ಬೀಸುವಾಗ ಹಾಡಿಕೊಂಡದ್ದೂ ಇದರಲ್ಲೇ. ಅರಮನೆಯ ಬಂಡೆಯ ಮೇಲಿದ್ದ ಧಾಟಿ ಅಡುಗೆಮನೆಯ ಬೀಸುವ ಕಲ್ಲಿನವರೆಗೆ ಬಂದಿತು; ಅಥವಾ ಬೀಸುವ ಕಲ್ಲಿನಿಂದಲೇ ಬಂಡೆಯ ಮೇಲೆ ಹೋಗಿರಬಹುದು, ಬಲ್ಲವರಾರು! ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಅವರು ಬರೆದುಕೊಳ್ಳದಿದ್ದರೆ ಎಷ್ಟೋ ಹಾಡು ಆ ಹೆಂಗಸರ ಜೊತೆಯಲ್ಲೇ ಹೋಗಿಬಿಡುತ್ತಿದ್ದವು. ಮರಾಠಿ ಹೆಂಗಸರು ಬೀಸುತ್ತಾ ಹಾಡುವ ಓವಿಗಳೂ ಹೀಗೆಯೇ.

ಮಿಕ್ಸರು, ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಹಾಡು ನಿಂತಿತು. ನಮಗೆ ಕೈನೋವು ತಪ್ಪಿತು, ಅದು ಒಳ್ಳೆಯದೇ. ಕಲ್ಲು ಮರಳಿ ಬರಲಿ ಎಂದು ನಾನಂತೂ ಕೇಳುವುದಿಲ್ಲ. ಆದರೆ ಹಾಡು ಬಲ್ಲವರು ಇನ್ನೂ ಅಲ್ಲಲ್ಲಿ ಇದ್ದಾರೆ. ನಿಮ್ಮ ಮನೆಯಲ್ಲೇ ಇರಬಹುದು, ಪಕ್ಕದ ಬಿಲ್ಡಿಂಗಿನಲ್ಲಿ ಇರಬಹುದು. ಟಿ.ವಿ.ಯ ಮುಂದೆ ತೂಕಡಿಸುವ ಅಜ್ಜಿಗೆ, ಕೇಳುವವರೇ ಇಲ್ಲದೆ ತನಗೆ ಹಾಡು ಬರುತ್ತದೆಂಬುದೇ ಮರೆತುಹೋಗಿರಬಹುದು. ಕರಾವಳಿಯವರ, ಮಲೆನಾಡಿನವರ, ಮೈಸೂರಿನ ಕಡೆಯವರ ಹಾಡುಗಳು ಬೇರೆ ಇರಬಹುದು, ಹಾಡು ಯಾವುದಾದರೇನು?

ಬಾದಾಮಿಯ ಟಿಕೆಟ್ಟು ತೆಗೆಸುವ ಮೊದಲು ಒಂದು ಭಾನುವಾರ ಅಜ್ಜಿಯ ಪಕ್ಕದಲ್ಲಿ ಕುಳಿತು, ನಿಮ್ಮ ಮೊಬೈಲಿನಲ್ಲಿ ಒಂದು ಹಾಡು ಹಿಡಿದಿಡಿ. ಅರ್ಥವಾಗದ ಪದಗಳ ಅರ್ಥ ಕೇಳಿ. ಆ ಪದಗಳನ್ನು ನಿಮ್ಮ ಕೈಯಾರೆ ಕನ್ನಡದಲ್ಲಿ ಬರೆದುಕೊಳ್ಳಲು ಅಮ್ಮನ ಸಹಾಯ ಪಡೆಯಿರಿ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಅರಭಟ್ಟನ ಹಾಡಿಗೆ ಬಂಡೆ ಸಿಕ್ಕಿತು, 1,300 ವರ್ಷ ಉಳಿಯಿತು. ಅಜ್ಜಿಯ ಹಾಡಿಗೆ ಇರುವುದು ನೀವು ಮಾತ್ರ. ಬರೆದದ್ದನ್ನು ನನಗೆ ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಈ ಪುಟದಲ್ಲೇ ಅಚ್ಚು ಹಾಕೋಣ. ಜೊತೆಗೆ ಆ ಅಜ್ಜಿಯ ಹೆಸರು, ಊರು ಇರಲಿ. ಬರೆದುಕೊಂಡ ಮೊಮ್ಮಗನ, ಮೊಮ್ಮಗಳ ಹೆಸರೂ ಇರಲಿ.

ಹೋಗಿ ಬನ್ನಿ. ಶುಭವಾಗಲಿ.